ಕಾರ್ತಿಕದ ಕಾಡು ಮತ್ತು ಮನೆಯ ಮೂಕಜೀವ



ನವರಾತ್ರಿ ಮುಗಿದು, ಬನ್ನಿ ಕೊಟ್ಟು ತೆಗೆದುಕೊಂಡು, ಹಿರಿಯರಿಗೆ ನಮಸ್ಕರಿಸಿದ ಮೇಲೆ ನಮ್ಮ ಸೀಮೆಗೆ ಒಂದು ಹೊಸ ಕಳೆ ಬರುತ್ತದೆ. ಶರದೃತುವೆಂದರೆ ಎಲೆ ಉದುರುವ ಕಾಲವೆಂದು ಇಂಗ್ಲಿಷ್ ಶಾಲೆಗೆ ಹೋಗುವ ಮಕ್ಕಳು ಪುಸ್ತಕದಲ್ಲಿ ಓದಿಕೊಂಡು ಬರುತ್ತಾರೆ. ಅದು ಚಳಿದೇಶಗಳ ಮಾತು. ನಮ್ಮಲ್ಲಿ ಎಲೆ ಉದುರುವುದು ಶಿಶಿರದಲ್ಲಿ, ಶಿವರಾತ್ರಿಯ ಆಸುಪಾಸಿನಲ್ಲಿ. ಆಶ್ವೀಜ, ಕಾರ್ತಿಕಗಳು ನಮಗೆ ಹಸಿರಿನ ತಿಂಗಳುಗಳು. ಮುಂಗಾರಿನ ಮೋಡಗಳು ಪಶ್ಚಿಮಘಟ್ಟದಲ್ಲಿಯೇ ಬಹುಪಾಲು ಸುರಿದು ನಮ್ಮ ಕಡೆಗೆ ಬರಿಗೈಯಲ್ಲಿ ಬರುತ್ತವೆ. ಅನಂತಪುರದ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಸುಮಾರು 550 ಮಿಲಿಮೀಟರ್ ಮಳೆಯಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿಯೇ ಬೀಳಬೇಕು. ಬಿದ್ದರೆ ನಾವು ಬದುಕಿದೆವು. 2022ರಲ್ಲಿ ಜಿಲ್ಲೆ ಎರಡಾಗಿ ಹಿಂದೂಪುರ ಒಂದು ಕಡೆಗೂ ಕಲ್ಯಾಣದುರ್ಗ ಇನ್ನೊಂದು ಕಡೆಗೂ ಹೋದರೂ, ಆಕಾಶ ನೋಡುವ ಕೆಲಸದಲ್ಲಿ ಎರಡೂ ಒಂದೇ.

ಮಳೆ ಬಿದ್ದ ವರ್ಷ ಕುಂದುರ್ಪಿಯ ಗುಡ್ಡವನ್ನಾಗಲಿ, ಶೆಟ್ಟೂರು, ಕಂಬದೂರು ಕಡೆಯ ಕುರುಚಲು ಕಾಡನ್ನಾಗಲಿ ನೋಡಬೇಕು. ವೈಶಾಖದಲ್ಲಿ ಬರೀ ಬಂಡೆಗಳಾಗಿ ಸುಡುತ್ತಿದ್ದ ನೆಲ ಇದೇ ಏನು ಎನ್ನಿಸುತ್ತದೆ. ತಂಗಡಿ ಗಿಡ ಮೈತುಂಬ ಹಳದಿ ಹೂ ಬಿಟ್ಟಿರುತ್ತದೆ. ಬಂಡೆಗಳ ಸಂದಿಯಲ್ಲಿ ಸೀತಾಫಲ ಕಣ್ಣು ಬಿಟ್ಟು ಹಣ್ಣಾಗಿರುತ್ತದೆ. ಕೆಳಗೆ ಹೊಲದಲ್ಲಿ ಶೇಂಗಾ ಕಿತ್ತು ಬಳ್ಳಿ ಒಟ್ಟಿರುತ್ತಾರೆ. ಆ ಹಸಿ ಬಳ್ಳಿಯ ವಾಸನೆ ಗುಡ್ಡದ ಮೇಲಕ್ಕೂ ಬರುತ್ತದೆ. ವರ್ಷವೆಲ್ಲ ದುಡಿದ ರೈತನಿಗೂ ಅಂಗಡಿಯ ಗದ್ದುಗೆ ಬಿಡದ ವರ್ತಕನಿಗೂ ಒಂದು ದಿನ ಅಲ್ಲಿಗೆ ಹೋಗಿ ಕುಳಿತು ಬರಬೇಕೆನ್ನಿಸಿದರೆ ಅದು ಸೋಮಾರಿತನವಲ್ಲ. ಕಾಯಕ ಮಾಡಿದವನಿಗೇ ವಿಶ್ರಾಂತಿಯ ರುಚಿ ಗೊತ್ತು.

ಕಾರ್ತಿಕ ಮಾಸದಲ್ಲಿ ವನಭೋಜನಕ್ಕೆ ಹೋಗುವುದು ಆಂಧ್ರದ ನಮ್ಮ ನೆರೆಹೊರೆಯವರಲ್ಲಿ ಹಿಂದಿನಿಂದ ಬಂದ ರೂಢಿ. ನೆಲ್ಲಿಮರದ ಕೆಳಗೆ ಅಡಿಗೆ ಮಾಡಿ, ನಂಟರಿಷ್ಟರು ಕೂಡಿ ಉಂಡು, ಹೊತ್ತು ಮುಳುಗುವುದರೊಳಗೆ ಮನೆಗೆ ಬರುತ್ತಾರೆ. ಗಡಿಯಲ್ಲಿ ಬಾಳುವ ನಾವೂ ಅದನ್ನು ನಮ್ಮದಾಗಿ ಮಾಡಿಕೊಂಡಿದ್ದೇವೆ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹೋಳಿಗೆ, ಚಿತ್ರಾನ್ನ, ಮೊಸರನ್ನ, ಶೇಂಗಾ ಚಟ್ನಿ ಕಟ್ಟಿಕೊಂಡು ಹೊರಡುತ್ತೇವೆ. ಹಿಂದೆ ಗಾಡಿ ಕಟ್ಟುತ್ತಿದ್ದೆವು, ಈಗ ಟ್ರ್ಯಾಕ್ಟರು. ಆಗಲೂ ಈಗಲೂ ನಾವು ಕರೆಯದೆ ನಮ್ಮ ಜೊತೆ ಹೊರಡುವುದು ಮನೆಯ ನಾಯಿ.

ಗಾಡಿಯ ನೆರಳಿನಲ್ಲಿ ಓಡುವ ನಾಯಿ ತಾನೇ ಗಾಡಿ ಎಳೆಯುತ್ತಿದ್ದೇನೆ ಎಂದುಕೊಂಡಿತ್ತಂತೆ ಎಂದು ನಮ್ಮಲ್ಲಿ ಗಾದೆಯಂತೆ ಹೇಳಿ ನಗುತ್ತಾರೆ. ಜಂಭಗಾರರನ್ನು ಹೀಗಳೆಯಲು ಅದು ಒಳ್ಳೆಯ ಮಾತೇ. ಆದರೆ ಗಾಡಿಯ ಕೆಳಗೆ ಓಡುವ ನಾಯಿಯನ್ನು ನಿಜವಾಗಿ ನೋಡಿದವರಿಗೆ ಅದರ ಮುಖದಲ್ಲಿ ಜಂಭ ಕಾಣುವುದಿಲ್ಲ. ಅದಕ್ಕೆ ಬೇಕಾದದ್ದು ನಾವು ಹೋಗುವ ಕಡೆಗೆ ತಾನೂ ಇರುವುದು, ಅಷ್ಟೇ. ಗುಡ್ಡದ ಬುಡ ಮುಟ್ಟಿದ ಕೂಡಲೇ ಅದು ಮುಂದೆ ಓಡಿ, ತಿರುಗಿ ನಿಂತು, ನಾವು ಬರುತ್ತಿದ್ದೇವೆಯೇ ಎಂದು ನೋಡುತ್ತದೆ. ಮಕ್ಕಳು ಬಂಡೆ ಹತ್ತಿದರೆ ಕೆಳಗೆ ನಿಂತು ಕುಂಯ್‌ಗುಡುತ್ತದೆ. ಊಟಕ್ಕೆ ಕುಳಿತಾಗ ಎಲೆಯಿಂದ ಮಾರು ದೂರದಲ್ಲಿ ಮುಂಗಾಲು ಚಾಚಿ ಮಲಗಿ, ನೋಡಿಯೂ ನೋಡದವರ ಹಾಗೆ ನೋಡುತ್ತದೆ.

ಒಂದು ಮಾತು ಇಲ್ಲಿಯೇ ಹೇಳಿಬಿಡುತ್ತೇವೆ. ನಮ್ಮ ಊರಿನ ನಾಯಿಗಳಿಗೆ ಕನ್ನಡ, ತೆಲುಗು ಎರಡೂ ಬರುತ್ತವೆ. ಮನೆಯವರು ‘ಬಾ’ ಎಂದರೂ ಬರುತ್ತವೆ, ಪಕ್ಕದ ಮನೆಯವರು ‘ರಾ’ ಎಂದರೂ ಹೋಗುತ್ತವೆ. ಶರಣರ ಚರಿತ್ರೆಯೂ ಹೀಗೆಯೇ ಅಲ್ಲವೇ? ಪಾಲ್ಕುರಿಕೆ ಸೋಮನಾಥ ತೆಲುಗಿನಲ್ಲಿ ಬರೆದ ಬಸವಪುರಾಣವನ್ನು 1369ರಲ್ಲಿ ಭೀಮಕವಿ ಕನ್ನಡಕ್ಕೆ ತಂದ. ಭಾಷೆಯ ಗಡಿ ನಮಗೆ 1953ರಿಂದಲೋ 1956ರಿಂದಲೋ ತಲೆನೋವಾಗಿರಬಹುದು. ಮನೆಯ ಮೂಕಜೀವಕ್ಕೆ ಅದು ಇಲ್ಲ.

ಈಗ ಪ್ರಶ್ನೆಗೆ ಬರೋಣ. ನಾಯಿಗೆ, ಎತ್ತಿಗೆ, ಆಕಳಿಗೆ ಅನ್ನದ ಋಣವಿದೆ ಎನ್ನುತ್ತೇವೆ. ನಮ್ಮ ಮನೆಯ ತುತ್ತು ತಿಂದಿದೆ, ಅದಕ್ಕೆ ನಿಯತ್ತಾಗಿದೆ ಎಂದು ಮೆಚ್ಚುತ್ತೇವೆ. ವರ್ತಕ ಬಂಧುಗಳಿಗೆ ಖಾತೆ ಬರೆಯುವುದು ಗೊತ್ತು. ಪ್ರಾಣಿಗೆ ಹಾಕಿದ ಮುದ್ದೆ, ಹಿಂಡಿ, ಮೇವುಗಳನ್ನು ಖರ್ಚಿನ ಕಡೆಗೆ ತಪ್ಪದೆ ಬರೆಯುವ ನಾವು ಜಮಾ ಕಡೆಗೆ ಏನು ಬರೆದಿದ್ದೇವೆ? ಎತ್ತು ಎಳೆದ ನೇಗಿಲು, ಆಕಳು ಕೊಟ್ಟ ಹಾಲು, ನಾಯಿ ಕಾದ ಕಣ: ಇಷ್ಟಾದರೂ ಬರೆಯಬಹುದು. ಆದರೆ ಹದಿನೈದು ಕಾರ್ತಿಕ ನಮ್ಮ ಮುಂದೆ ಓಡಿ ತಿರುಗಿ ನೋಡಿತಲ್ಲ, ಮಗು ಅತ್ತಾಗ ಬಂದು ಪಕ್ಕದಲ್ಲಿ ಕುಳಿತಿತಲ್ಲ, ಅದನ್ನು ಯಾವ ಕಲಮಿನಲ್ಲಿ ಬರೆಯುವುದು? ಬರೆಯಲು ಬಾರದ್ದು ಬಂದೇ ಇಲ್ಲವೆಂದು ತಿಳಿದು, ಕೆಲಸ ನಿಂತ ದಿನವೇ ಖಾತೆ ಮುಚ್ಚಿಬಿಡಬಹುದೇ?

ಇದನ್ನು ಬೇರೆಯವರಿಗೆ ಬುದ್ಧಿ ಹೇಳುವುದಕ್ಕೆ ಎತ್ತಿಕೊಂಡದ್ದಲ್ಲ. 2002ರ ಬರದಲ್ಲಿ ನಮ್ಮ ಮನೆಯಲ್ಲಿಯೇ ಆದ ಸಂಗತಿ ಇದೆ. ಆ ವರ್ಷ ಜುಲೈ ತಿಂಗಳು ದೇಶಕ್ಕೆ ದೇಶವೇ ಒಣಗಿತು. ನಮ್ಮಲ್ಲಿ ಬಿತ್ತಿದ ಶೇಂಗಾ ಬೀಜವೂ ಕೈಗೆ ಬರಲಿಲ್ಲ. ಕೊಟ್ಟಿಗೆಯಲ್ಲಿ ಒಂದು ಜೋಡಿ ಎತ್ತು. ಒಂದು ಎಳೆಯದು, ಇನ್ನೊಂದು ಹದಿಮೂರು ವರ್ಷ ನೊಗಕ್ಕೆ ಹೆಗಲು ಕೊಟ್ಟು ಮುಪ್ಪಾದದ್ದು. ಬಸವ ಎಂದು ಕರೆಯುತ್ತಿದ್ದೆವು. ದೀಪಾವಳಿಯ ಪಾಡ್ಯಕ್ಕೆ ಮೈತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಕಾಲಿಗೆ ನಮಸ್ಕರಿಸಿದ್ದೆವು. ಅದಾದ ಎರಡು ವಾರಕ್ಕೆ ಅದನ್ನು ಸಂತೆಯಿಂದ ಬಂದವನಿಗೆ ಕೊಟ್ಟೆವು. ಎಲ್ಲಿಗೆ ಕೊಂಡೊಯ್ಯುತ್ತೀಯಪ್ಪಾ ಎಂದು ನಾವು ಕೇಳಲಿಲ್ಲ. ಕೇಳಲು ಮರೆತದ್ದಲ್ಲ, ಉತ್ತರ ಗೊತ್ತಿತ್ತು.

ಮನೆಯ ನಾಯಿ ಕರಿಯ ಲಾರಿಯ ಹಿಂದೆ ಓಡಿ ಹೋಯಿತು. ಸಂಜೆ ಹೊತ್ತಿಗೆ ನಾಲಿಗೆ ಚಾಚಿಕೊಂಡು ಬಂದು, ಬಸವ ನಿಲ್ಲುತ್ತಿದ್ದ ಜಾಗದಲ್ಲಿ ಗೊಂತಿನ ಕೆಳಗೆ ಮಲಗಿತು. ನಮ್ಮ ಅಪ್ಪ ಅಂದು ಉಣ್ಣಲಿಲ್ಲ. ಅವ್ವ ಕೇಳಿದ್ದಕ್ಕೆ, ಹೊಟ್ಟೆ ಸರಿಯಿಲ್ಲ ಎಂದರು. ಅದರ ಮೇಲೆ ನಮ್ಮ ಮನೆಯಲ್ಲಿ ಯಾರೂ ಆ ಎತ್ತಿನ ಹೆಸರು ಎತ್ತಲಿಲ್ಲ. ಮನುಷ್ಯರು ತೀರಿಹೋದರೆ ನೆನೆಯುತ್ತೇವೆ. ಇದನ್ನು ನೆನೆಯಲೂ ನಮಗೆ ಮುಖವಿರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಹಿಂದೂಪುರಕ್ಕೆ ಹುಣಸೆಹಣ್ಣಿನ ವ್ಯಾಪಾರಕ್ಕೆ ಹೋದವರು ಹಾಗೆಯೇ ಲೇಪಾಕ್ಷಿಗೆ ಹೋದೆವು. ಅಲ್ಲಿಯ ಬಸವಣ್ಣನನ್ನು ನೀವೆಲ್ಲ ನೋಡಿದ್ದೀರಿ. ಒಂದೇ ಬಂಡೆಯಲ್ಲಿ ಕಡೆದದ್ದು, 27 ಅಡಿ ಉದ್ದ, 15 ಅಡಿ ಎತ್ತರ, ಕೊರಳಿನ ಗೆಜ್ಜೆಸರದ ಒಂದೊಂದು ಗೆಜ್ಜೆಯೂ ಎಣಿಸುವ ಹಾಗಿದೆ. ಕೈಮುಗಿಯಲು ಹೋದ ಕೈ ಅರ್ಧಕ್ಕೆ ನಿಂತಿತು. ಕಲ್ಲಿನ ನಾಗರಕ್ಕೆ ಹಾಲೆರೆದು ಜೀವಂತ ನಾಗರವನ್ನು ಹೊಡೆಯಲು ಹೋಗುವ ನಮ್ಮ ನಡತೆಯನ್ನು ಬಸವಣ್ಣನವರು ಎತ್ತಿ ತೋರಿಸಿದ್ದು ಎಂಟುನೂರು ವರ್ಷಗಳ ಹಿಂದೆ. ಅದನ್ನು ಪ್ರವಚನದಲ್ಲಿ ಕೇಳಿ ತಲೆದೂಗಿದ್ದೆವು. ಆ ಮಾತು ನಾಗರಹಾವಿನ ವಿಷಯವೆಂದು ತಿಳಿದಿದ್ದೆವು.

ಶರಣರ ಸಮೂಹದಲ್ಲಿ ತುರುಗಾಹಿ ರಾಮಣ್ಣನವರಿದ್ದರು. ದನ ಕಾಯುವುದೇ ಅವರ ಕಾಯಕ. ಆ ಕಾಯಕದಲ್ಲಿದ್ದುಕೊಂಡೇ ಅವರು ವಚನಕಾರರಾದರು, ಅನುಭವಿಗಳ ಸಾಲಿನಲ್ಲಿ ಕುಳಿತರು. ಬಸವಣ್ಣನವರ ಮನೆಯ ಆಕಳುಗಳನ್ನು ಕಳ್ಳರು ಹೊಡೆದುಕೊಂಡು ಹೋದ ಕಥೆಯನ್ನು ನಮ್ಮ ಹಿರಿಯರು ಹೇಳುತ್ತಿದ್ದರು. ಆಳುಗಳು ಬೆನ್ನಟ್ಟಲು ಹೊರಟರೆ ಅವರು ತಡೆದು, ಕರುಗಳು ತಾಯಿಯಿಲ್ಲದೆ ಅರಚುತ್ತವೆ, ಅವನ್ನೂ ಒಯ್ದು ಕೊಟ್ಟು ಬನ್ನಿರಿ ಎಂದರಂತೆ. ಚಿಕ್ಕವರಿದ್ದಾಗ ನಮಗೆ ಇದು ಕಳ್ಳರ ಮೇಲಿನ ಔದಾರ್ಯದ ಕಥೆಯಾಗಿ ಕೇಳಿಸುತ್ತಿತ್ತು. ಈಗ ಕೇಳಿದರೆ ಕರುಗಳೇ ಎದ್ದು ಕಾಣುತ್ತವೆ. ಸೊತ್ತು ಯಾರದು ಎಂಬ ಲೆಕ್ಕಕ್ಕೆ ಮೊದಲು ಹಾಲಿಲ್ಲದ ಕರುವಿನ ಕೂಗು ಆ ಮಹಾನುಭಾವರ ಕಿವಿಗೆ ಬಿತ್ತು. ಹಬ್ಬದ ಬಲಿಗೆಂದು ತಂದ ಕುರಿ, ಕಟ್ಟಿದ ತೋರಣದ ಎಲೆಯನ್ನೇ ಮೇಯುತ್ತಿದ್ದುದನ್ನು ಕಂಡು ಮರುಗಿದವರೂ ಅವರೇ. ದಯೆಯನ್ನು ಅವರು ಧರ್ಮಕ್ಕೆ ತೊಡಿಸಿದ ಆಭರಣವೆಂದು ಭಾವಿಸಲಿಲ್ಲ. ಅದಿಲ್ಲದಿದ್ದರೆ ಉಳಿದುದು ಧರ್ಮವೇ ಅಲ್ಲವೆಂದು ತಿಳಿದರು.

ಇಂಗ್ಲೆಂಡಿನ ಬೆಂಥಮ್ ಎಂಬ ತತ್ವಜ್ಞಾನಿ 1789ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ಪ್ರಾಣಿಗಳಿಗೆ ತರ್ಕ ಗೊತ್ತೇ, ಮಾತು ಬರುತ್ತದೆಯೇ ಎಂಬುದನ್ನು ಬದಿಗಿಟ್ಟು ಅವುಗಳಿಗೆ ನೋವಾಗುತ್ತದೆಯೇ ಎಂಬುದನ್ನೇ ವಿಚಾರಿಸಬೇಕೆಂದು ವಾದಿಸಿದನು. ಪಶ್ಚಿಮದವರು ಅದನ್ನು ದೊಡ್ಡ ಮಾತೆಂದು ಕೊಂಡಾಡುತ್ತಾರೆ, ದೊಡ್ಡ ಮಾತೇ ಹೌದು. ಆದರೆ ನಮಗೆ ನೋವಿನ ಲೆಕ್ಕವೊಂದೇ ಸಾಲದೆಂದು ತೋರುತ್ತದೆ. ನೋವಾಗದಂತೆ ಕೊಂದರೆ ಬಸವನ ಋಣ ತೀರುತ್ತಿತ್ತೇ?

ಇಲ್ಲಿ ರೈತ ಬಂಧುಗಳು ಸುಮ್ಮನಿರುವುದಿಲ್ಲ, ಸುಮ್ಮನಿರಲೂ ಬಾರದು. “ಸ್ವಾಮೀ, ಮಕ್ಕಳಿಗೇ ಗಂಜಿಯಿಲ್ಲದಾಗ ಮುದಿ ಎತ್ತಿಗೆ ಎಲ್ಲಿಂದ ಮೇವು ತರೋಣ? ಪಟ್ಟಣದಲ್ಲಿ ಕುಳಿತು ಬರೆಯುವುದು ಸುಲಭ” ಎನ್ನುತ್ತಾರೆ. ಇದು ನಿಜ. ಮನೆಯ ಮಗುವಿನ ತಟ್ಟೆ ಬರಿದು ಮಾಡಿ ಎತ್ತಿನ ಗೋದಲಿ ತುಂಬಿರಿ ಎಂದು ಯಾವ ಶರಣರೂ ಹೇಳಲಿಲ್ಲ, ನಾವೂ ಹೇಳುವುದಿಲ್ಲ. ಆದರೆ 2002ರಲ್ಲಿ ನಮಗೆ ಬೇರೆ ದಾರಿಯೇ ಇರಲಿಲ್ಲವೇ? ಇಪ್ಪತ್ತು ವರ್ಷ ಇದನ್ನೇ ಒಳಗೊಳಗೆ ಮಥಿಸಿದ್ದೇವೆ. ಇತ್ತು. ತುಂಗಭದ್ರಾ ಕಾಲುವೆಯ ಕೆಳಗಿನ ರೈತರೊಬ್ಬರು ನಮ್ಮ ಎಳೆಯ ಎತ್ತನ್ನು ಕೇಳಿಕೊಂಡು ಬಂದಿದ್ದರು. ಅದನ್ನು ಅವರಿಗೆ ಕೊಟ್ಟಿದ್ದರೆ ಅಲ್ಲಿ ಅದಕ್ಕೆ ನೀರು, ಹುಲ್ಲು, ನೊಗ ಮೂರೂ ಇತ್ತು. ಇದ್ದ ಒಂದು ಬಣವೆಯಲ್ಲಿ ಮುದಿಯೆತ್ತು ಹೇಗೋ ಬೇಸಿಗೆ ದಾಟುತ್ತಿತ್ತು. ನಾವು ಹಾಗೆ ಮಾಡಲಿಲ್ಲ. ಮಳೆ ಬಂದರೆ ದುಡಿಯುವ ಎತ್ತು ಬೇಕಲ್ಲ, ಹೊಸದು ಕೊಳ್ಳಲು ಹಣವೆಲ್ಲಿ ಎಂದು ಲೆಕ್ಕ ಹಾಕಿದೆವು. ಲೆಕ್ಕ ತಪ್ಪಾಗಿರಲಿಲ್ಲ. ಬದುಕಲು ಬೇರೆ ಮನೆ ಸಿಗುವುದನ್ನು ಉಳಿಸಿಕೊಂಡು, ಬೇರೆ ಮನೆಯೇ ಸಿಗದುದನ್ನು ಕಳಿಸಿಕೊಟ್ಟೆವು ಎಂಬುದು ಮಾತ್ರ ಆ ಲೆಕ್ಕದಲ್ಲಿ ಬರಲಿಲ್ಲ.

ಅಂದು ಊರಿನಲ್ಲಿ ನಾಲ್ಕು ಜನ ಕೊಳವೆಬಾವಿಯವರಿದ್ದರು. ಅವರ ಬದುವಿನ ಹುಲ್ಲು ಕೇಳಿದ್ದರೆ ಇಲ್ಲವೆನ್ನುತ್ತಿದ್ದರೋ ಏನೋ, ನಾವು ಕೇಳಲೇ ಇಲ್ಲ. ಮುದಿಯೆತ್ತಿಗಾಗಿ ಬೇಡುವುದು ನಾಚಿಕೆಯೆನಿಸಿತು. ಮಾರುವುದು ನಾಚಿಕೆಯೆನಿಸಲಿಲ್ಲ. ದಾಸೋಹವೆಂದರೆ ಉಳ್ಳವರು ಇಲ್ಲದವರಿಗೆ ಕೊಡುವ ದಾನವಲ್ಲ, ದುಡಿದುದನ್ನು ಸಲ್ಲಬೇಕಾದ ಕಡೆಗೆ ಸಲ್ಲಿಸುವುದು ಎಂದು ಮಠದಲ್ಲಿ ಎಷ್ಟು ಸಲ ಕೇಳಿದ್ದೇವೆ! ಹದಿಮೂರು ವರ್ಷ ಕಾಯಕ ಮಾಡಿದ ಜೀವಕ್ಕೆ ಸಲ್ಲಬೇಕಾದದ್ದನ್ನು ನಾವು ದಯೆ ಎಂದು ತಿಳಿದೆವು. ದಯೆಯಾದರೆ ಬರಗಾಲದಲ್ಲಿ ಕಡಿಮೆ ಮಾಡಬಹುದು. ಸಾಲವನ್ನು ಹಾಗೆ ಮಾಡಲು ಬರುವುದಿಲ್ಲ, ಮುಂದೂಡಬಹುದು, ಕಂತು ಮಾಡಿಕೊಳ್ಳಬಹುದು, ನಾಲ್ಕು ಜನರ ಹತ್ತಿರ ಕೈಗಡ ಕೇಳಬಹುದು. ವರ್ತಕರಿಗೆ ಈ ವ್ಯತ್ಯಾಸ ನಾವು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ನೊಗ ಹೂಡುವುದೇ ತಪ್ಪಲ್ಲವೇ ಎಂದು ಕಾಲೇಜಿನ ಹುಡುಗನೊಬ್ಬ ನಮ್ಮನ್ನು ಕೇಳಿದ. ಅದಕ್ಕೆ ನಮ್ಮಲ್ಲಿ ಪೂರ್ತಿ ಉತ್ತರವಿಲ್ಲ. ನಾವೂ ದುಡಿಯುತ್ತೇವೆ, ಅದೂ ದುಡಿಯುತ್ತದೆ, ಇಬ್ಬರೂ ಒಂದೇ ಹೊಲದ ಮೇಲೆ ಬದುಕುತ್ತೇವೆ ಎಂಬಷ್ಟು ಹೇಳಬಲ್ಲೆವು. ಈಗ ಟ್ರ್ಯಾಕ್ಟರು ಬಂದು ಎತ್ತಿನ ಹೆಗಲು ಹಗುರವಾಗಿದೆ. ಹಗುರವಾದದ್ದರ ಜೊತೆಗೆ ಕೊಟ್ಟಿಗೆಯೂ ಬರಿದಾಗಿದೆ. ಹಳ್ಳಿಕಾರ್ ಹೋರಿ ತರಲು ಘಾಟಿ ಸುಬ್ರಹ್ಮಣ್ಯದ ಜಾತ್ರೆಗೆ ನಡೆದೇ ಹೋಗುತ್ತಿದ್ದ ಹಿರಿಯರ ಮೊಮ್ಮಕ್ಕಳಿಗೆ ಎತ್ತಿನ ಮೈಮೇಲೆ ಕೈಯಾಡಿಸಿ ಗೊತ್ತಿಲ್ಲ. ಇದು ಪ್ರಗತಿಯೋ ನಷ್ಟವೋ, ಎರಡೂ ಇರಬೇಕು.

ಪಟ್ಟಣದ ಮನೆಗಳ ವಿಷಯ ಬೇರೆ ರೀತಿಯದು. ಬೆಂಗಳೂರು ಹತ್ತಿರವಾದುದರಿಂದ ದುಬಾರಿ ಬೆಲೆಯ ವಿದೇಶಿ ತಳಿಯ ಮರಿಗಳನ್ನು ತರುವುದು ಈಗ ಷೋಕಿಯಾಗಿದೆ. ಹಿಮದ ಸೀಮೆಗೆ ಹುಟ್ಟಿದ, ಮೈತುಂಬ ದಟ್ಟ ಕೂದಲಿನ ನಾಯಿಯನ್ನು ನಮ್ಮ ಮೇ ತಿಂಗಳ ಬಿಸಿಲಿಗೆ ತಂದು ಕಟ್ಟಿದರೆ ಅದರ ಗತಿಯೇನು? ಪರಿಚಯದ ವರ್ತಕರೊಬ್ಬರ ಮನೆಯಲ್ಲಿ ಹೀಗೆ ತಂದದ್ದಕ್ಕೆ ಚರ್ಮರೋಗ ಬಂದು ಕೂದಲು ಉದುರಿದಾಗ, ರಾತ್ರಿ ಹೊತ್ತು ಹೆದ್ದಾರಿಯ ಢಾಬಾ ಹತ್ತಿರ ಇಳಿಸಿ ಬಂದರು. ಮಕ್ಕಳಿಗೆ ‘ಓಡಿಹೋಯಿತು’ ಎಂದು ಹೇಳಿದರು. ನಾಯಿಗೆ ಆದದ್ದು ಒಂದು ಅನ್ಯಾಯ, ಮಕ್ಕಳಿಗೆ ಆದದ್ದು ಇನ್ನೊಂದು. ತಾವು ಪ್ರೀತಿಸಿದ್ದು ತಮ್ಮನ್ನು ಬಿಟ್ಟು ಓಡಿಹೋಗುವಂಥದು ಎಂದು ಆ ಮಕ್ಕಳು ನಂಬಿ ಬೆಳೆಯುತ್ತಾರೆ. ಸಾಕಬೇಕೆಂದರೆ ನಮ್ಮ ಬಿಸಿಲಿಗೆ ಒಗ್ಗಿದ ಊರುನಾಯಿಯ ಮರಿ ಬೀದಿಬೀದಿಯಲ್ಲಿದೆ. ಮುಧೋಳದ ಬೇಟೆನಾಯಿ ನಮ್ಮ ನಾಡಿನದೇ. 2005ರಲ್ಲಿ ಭಾರತೀಯ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿಯನ್ನೇ ತಂದಿತು. ಯಾವುದನ್ನೇ ಸಾಕಿದರೂ ವರ್ಷಕ್ಕೊಮ್ಮೆ ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸಲೇಬೇಕು. ಆ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ನಾಯಿಯೂ ಉಳಿಯುವುದಿಲ್ಲ, ಕಚ್ಚಿಸಿಕೊಂಡ ಮನುಷ್ಯನೂ ಉಳಿಯುವುದಿಲ್ಲವೆಂದೇ ಹೇಳಬೇಕು. ಸೆಪ್ಟೆಂಬರ್ 28ನ್ನು ಜಗತ್ತಿನಾದ್ಯಂತ ಈ ರೋಗದ ದಿನವಾಗಿ ಆಚರಿಸುತ್ತಾರೆ. ಅದು ಈ ರೋಗಕ್ಕೆ ಲಸಿಕೆ ಕಂಡುಹಿಡಿದ ಲೂಯಿ ಪಾಶ್ಚರ್ 1895ರಲ್ಲಿ ತೀರಿಕೊಂಡ ದಿನ. ನವರಾತ್ರಿಯ ಹತ್ತಿರ ಬರುವುದರಿಂದ ನೆನಪಿಡುವುದು ಸುಲಭ.

ಗೋದಾಮಿನ ಬೆಕ್ಕಿನ ಬಗ್ಗೆ ಒಬ್ಬ ವರ್ತಕರು ಗಂಭೀರವಾಗಿಯೇ ಕೇಳಿದರು: ನಾವು ಶಾಕಾಹಾರಿಗಳು, ಶೇಂಗಾ ಚೀಲ ಕಾಯಲು ಬೆಕ್ಕು ಸಾಕಿದ್ದೇವೆ, ಅದು ಹಿಡಿದ ಇಲಿಯ ಪಾಪ ಯಾರ ಹೆಸರಿಗೆ? ಬೆಕ್ಕು ತನ್ನ ಸ್ವಭಾವದಂತೆ ನಡೆಯಿತು, ಅದಕ್ಕೆ ಪಾಪವಿಲ್ಲ. ಇನ್ನು ಅಂಗಡಿಯವರ ಪಾಲಿನ ಪಾಪವನ್ನು ಬೆಕ್ಕಿನ ಖಾತೆಗಿಂತ ತಕ್ಕಡಿಯ ಹತ್ತಿರ ಹುಡುಕುವುದು ಮೇಲು ಎಂದೆವು. ಅವರು ನಕ್ಕರು, ಸದ್ಯ.

ನಾಯಿ ಹೊಸ್ತಿಲು ದಾಟಬಾರದು, ಲಿಂಗಪೂಜೆಯ ಮನೆ ಮೈಲಿಗೆಯಾಗುತ್ತದೆ ಎಂಬ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ಸ್ವಚ್ಛತೆ ಬೇರೆ, ಮೈಲಿಗೆ ಬೇರೆ. ಕೆಸರುಗಾಲಿನ ನಾಯಿಯನ್ನು ಪೂಜೆಯ ಕೋಣೆಗೆ ಬಿಡಬೇಕೆಂದು ನಾವೂ ಹೇಳುವುದಿಲ್ಲ. ಕೆಸರುಗಾಲಿನ ಮಗನನ್ನೂ ಬಿಡುವುದಿಲ್ಲವಲ್ಲ. ಆದರೆ ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನೇ ಅಲ್ಲಗಳೆದ ಧರ್ಮದವರು ನಾಯಿಗಾಗಿ ಆರನೆಯ ಸೂತಕ ಹುಟ್ಟಿಸುವುದು ಸರಿಕಾಣದು. ವೇದ ಬಲ್ಲೆವೆಂದು ಬೀಗಿದವರ ಎದುರಿಗೆ ಹಾವಿನಹಾಳ ಕಲ್ಲಯ್ಯನವರು ನಾಯಿಯ ಬಾಯಿಂದಲೇ ವೇದ ಓದಿಸಿದರೆಂಬ ಕಥೆಯನ್ನು ಹೆಮ್ಮೆಯಿಂದ ಹೇಳುವವರೂ ನಾವೇ ಅಲ್ಲವೇ?

ಕಾಡಿಗೆ ಮರಳಿ ಹೋಗೋಣ, ಅಲ್ಲಿ ನಮ್ಮ ನಾಯಿಯದಲ್ಲದ ಜೀವಗಳೂ ಇವೆ. ಕಲ್ಯಾಣದುರ್ಗ, ಕುಂದುರ್ಪಿ ಸುತ್ತಿನ ಗುಡ್ಡಗಳಲ್ಲಿ ಕರಡಿ ಇರುವುದು ಎಲ್ಲರಿಗೂ ಗೊತ್ತು. ನೀರಿಗೂ ಹಣ್ಣಿಗೂ ಅದು ಊರಿನ ಅಂಚಿಗೆ ಬರುತ್ತದೆ. ಬಯಲಿನಲ್ಲಿ ಕೃಷ್ಣಮೃಗ, ತೋಳ, ನರಿಗಳಿವೆ. ಸೀತಾಫಲ ಕಂಡಲ್ಲೆಲ್ಲ ಕಾಯಿಯನ್ನೂ ಬಿಡದೆ ಚೀಲ ತುಂಬಿಕೊಂಡು ಬಂದರೆ ಕರಡಿ ಹೊಲಕ್ಕೆ ಇಳಿಯದೆ ಏನು ಮಾಡೀತು? ನಮ್ಮ ನಾಯಿ ಮೊಲದ ಹಿಂದೆ, ಜಿಂಕೆಮರಿಯ ಹಿಂದೆ ಓಡಿದರೆ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ತಟ್ಟಬಾರದು, ಕರೆದು ಕಟ್ಟಬೇಕು. ನಾಯಿಯ ರೋಗ ನರಿ, ತೋಳಗಳಿಗೂ ಅಂಟುತ್ತದೆ. ಉಂಡ ಎಲೆ ಮುತ್ತುಗದ್ದೋ ಬಾಳೆಯದೋ ಆದರೆ ಮಣ್ಣಾಗುತ್ತದೆ. ಪ್ಲಾಸ್ಟಿಕ್ ಹಾಳೆಯಾದರೆ ಸಾಂಬಾರಿನ ವಾಸನೆಗೆ ಯಾರದೋ ಆಕಳು ನುಂಗುತ್ತದೆ. ಹಿಂದೂಪುರದ ಹತ್ತಿರ ಚಿಲಮತ್ತೂರಿನ ವೀರಾಪುರಕ್ಕೆ ವರ್ಷವರ್ಷವೂ ಬಣ್ಣದ ಕೊಕ್ಕರೆಗಳು ಬಂದು ಊರೊಳಗಿನ ಹುಣಸೆಮರಗಳಲ್ಲಿ ಗೂಡು ಕಟ್ಟುತ್ತವೆ. ಅವನ್ನು ಹೊಡೆಯಲು ಊರವರು ಯಾರನ್ನೂ ಬಿಡುವುದಿಲ್ಲ. ಹುಣಸೆಗೆ ಒಳ್ಳೆಯ ಬೆಲೆಯಿರುವ ಸೀಮೆಯಲ್ಲಿ ಮನೆಯ ಮುಂದಿನ ಮರವನ್ನು ಹಕ್ಕಿಗೆ ಬಿಟ್ಟುಕೊಡುವುದು ಸಣ್ಣ ಮಾತಲ್ಲ. ಅವು ಅವರ ಸಾಕುಹಕ್ಕಿಗಳೂ ಅಲ್ಲ, ಪ್ರತಿಯಾಗಿ ಏನು ಕೊಡುತ್ತವೆ? ಊರಿಗೆ ಬರುತ್ತವೆ, ಅಷ್ಟೇ.

ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲಾರೆನೆಂದ ಧರ್ಮರಾಯನ ಕಥೆ ಎಲ್ಲರಿಗೂ ತಿಳಿದದ್ದು. ಆದರೆ ಆ ಕಥೆಯ ಕೊನೆಯಲ್ಲಿ ನಾಯಿ ನಾಯಿಯಲ್ಲ, ವೇಷ ತಳೆದ ಯಮಧರ್ಮ. ನಮಗೆ ಅದಕ್ಕಿಂತ ಪ್ರಿಯವಾದದ್ದು ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ. ಕ್ರಿ.ಶ. 949-50ರದು, ಕನ್ನಡದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗರ ದೊರೆ ಬೂತುಗ ಬೇಕಾದುದನ್ನು ಕೇಳೆಂದಾಗ, ಅವನು ಊರನ್ನೋ ಹೊನ್ನನ್ನೋ ಮೊದಲು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಮುಂದೆ ಆ ಕಾಳಿ ದೊಡ್ಡದೊಂದು ಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಮಣಲೇರ ನಾಯಿಗಾಗಿ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ದೇವಾಲಯದ ಗೊರವ ಆ ಕಲ್ಲನ್ನು ಪೂಜಿಸದೆ ಉಣ್ಣಬಾರದೆಂದು ಕಟ್ಟು ಮಾಡಿದ. ಆ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ, ನಾಯಿ ಹಂದಿಗಳ ಚಿತ್ರವನ್ನು ಅದರಲ್ಲಿ ಬಿಡಿಸಿದೆ. ಬೇಟೆಯನ್ನು ನಾವು ಒಪ್ಪುವವರಲ್ಲ. ಆದರೆ ಅಲ್ಲಿ ಕಾಳಿ ಕೊನೆಯವರೆಗೆ ನಾಯಿಯಾಗಿಯೇ ಉಳಿಯಿತು, ದೇವರಾಗಬೇಕಾಗಲಿಲ್ಲ. ಸಾವಿರ ವರ್ಷದ ಹಿಂದಿನ ಒಬ್ಬ ಸೈನಿಕನಿಗೆ ಅದರ ಖಾತೆಯನ್ನು ಮುಚ್ಚಲು ಮನಸ್ಸು ಬರಲಿಲ್ಲ.

ಈಗ ನಮ್ಮ ಮನೆಯಲ್ಲಿರುವುದು ಮೋತಿ. ಹದಿಮೂರು ದಾಟಿದೆ. ಹಿಂಗಾಲು ಸೋತಿವೆ, ಒಂದು ಕಣ್ಣಿಗೆ ಪೊರೆ ಬಂದಿದೆ. ಈ ಕಾರ್ತಿಕದಲ್ಲಿ ವನಭೋಜನಕ್ಕೆ ಹೊರಟಾಗ, ಅದನ್ನು ಮನೆಯಲ್ಲಿಯೇ ಬಿಡೋಣ, ಮುದಿನಾಯಿ, ಗುಡ್ಡ ಹತ್ತಲಾರದು ಎಂದು ಮಗ ಹೇಳಿದ. ಹೇಳಿದ್ದು ಸರಿಯಾಗಿಯೇ ಇತ್ತು. ಆದರೆ ಟ್ರ್ಯಾಕ್ಟರಿನ ಸದ್ದಾದ ಕೂಡಲೇ ಅದು ಎದ್ದು, ಕಾಲೆಳೆಯುತ್ತ ಬಂದು ಟ್ರೈಲರಿನ ಹಿಂದೆ ನಿಂತಿತು. ಯಾರೂ ಏನೂ ಹೇಳದೆ ಇಬ್ಬರು ಎತ್ತಿ ಮೇಲೆ ಕೂರಿಸಿದರು.

ಗುಡ್ಡದ ಬುಡದ ಬೇವಿನ ಮರದವರೆಗೆ ಅದು ಬಂತು, ಅಲ್ಲಿ ಕುಳಿತುಬಿಟ್ಟಿತು. ಯಾರಾದರೂ ಒಬ್ಬರು ಅದರ ಹತ್ತಿರ ಉಳಿಯಬೇಕಾಯಿತು. ಸೀತಾಫಲದ ಆಸೆಗೆ ಎಲ್ಲರೂ ಮೇಲೆಯೇ ನೋಡುತ್ತಿದ್ದರು. ಕೊನೆಗೆ ಮೊಮ್ಮಗಳು, “ತಾತ, ಈ ಸಲ ನಾನಿರ್ತೀನಿ, ಮುಂದಿನ ಸಲ ನೀವಿರ್ಬೇಕು” ಎಂದು ಕರಾರು ಮಾಡಿಕೊಂಡು ಮಡಿಲಿಗೆ ಹಸಿ ಶೇಂಗಾ ಹಾಕಿಕೊಂಡು ಕುಳಿತಳು. ನಾವು ಎರಡು ಗಂಟೆ ಬಿಟ್ಟು ಟವಲಿನಲ್ಲಿ ಹಣ್ಣು ಕಟ್ಟಿಕೊಂಡು ಇಳಿದಾಗ, ಸಿಪ್ಪೆ ರಾಶಿಯಾಗಿತ್ತು, ಅವಳು ಅದಕ್ಕೆ ಏನನ್ನೋ ಹೇಳುತ್ತಿದ್ದಳು. ಮೋತಿ ನಮ್ಮ ಕಾಲಿನ ಸದ್ದಿಗೆ ತಲೆಯೆತ್ತಿ, ಎಲ್ಲರೂ ಬಂದರೇ ಎಂದು ಒಬ್ಬೊಬ್ಬರನ್ನಾಗಿ ಮೂಸಿ ನೋಡಿ, ಮತ್ತೆ ಮಲಗಿತು.